ಮೊಬೈಲಿಗೊಂದು ಜಾಯ್‌ಸ್ಟಿಕ್: ಮಾರ್ಟಳ್ಳಿಯಲ್ಲಿ ನಿಂತು ನೋಡಿದಾಗ

ಹನೂರು ತಾಲ್ಲೂಕಿನ ಮಾರ್ಟಳ್ಳಿ ತಮಿಳುನಾಡಿನ ಗಡಿಗೆ ಹತ್ತಿರದ ಊರು. ಸುತ್ತ ಮಲೆ ಮಹದೇಶ್ವರ ವನ್ಯಧಾಮದ ಕಾಡು, ಕಾಡಂಚಿನಲ್ಲಿ ಮಳೆ ನೆಚ್ಚಿದ ಹೊಲ, ಮಾತಿನಲ್ಲಿ ಕನ್ನಡವೂ ತಮಿಳೂ. ಇಲ್ಲಿಂದ ಬೆಂಗಳೂರಿಗೋ ತಿರುಪ್ಪೂರಿಗೋ ದುಡಿಯಲು ಹೋಗುವವರು ಬಹಳ. ಕ್ರಿಸ್‌ಮಸ್ಸಿಗೆ, ದೀಪಾವಳಿಗೆ, ಮಹದೇಶ್ವರ ಬೆಟ್ಟದ ಜಾತ್ರೆಗೆ ಊರಿಗೆ ಬರುವ ಅಣ್ಣಂದಿರು ತಮ್ಮಂದಿರಿಗೆ ಹಿಂದೆ ಬಟ್ಟೆ, ಶೂ ತರುತ್ತಿದ್ದರು. ಈಗ ಅದರ ಜೊತೆಗೆ ಇಯರ್‌ಫೋನು, ಪವರ್ ಬ್ಯಾಂಕು, ಮೊಬೈಲಿಗೆ ಸಿಕ್ಕಿಸಿ ಆಡುವ ಜಾಯ್‌ಸ್ಟಿಕ್ಕು. ಪೆಟ್ಟಿಗೆ ಬಿಚ್ಚುವ ಮೊದಲೇ ಹುಡುಗ ಕೇಳುವ ಪ್ರಶ್ನೆ ಒಂದೇ: "ಅಣ್ಣೋ, ಇದ್ರಲ್ಲಿ ಪಬ್ಜಿ ಆಡಕಾಯ್ತದಾ?"

ಈ ಪ್ರಶ್ನೆ ಸರಿಯಾದ ಪ್ರಶ್ನೆ. ಯಾವ ಕಂಪನಿಯದು, ಎಷ್ಟು ಬಟನ್ನು, ಬಣ್ಣದ ಲೈಟು ಉರಿಯುತ್ತದೆಯೇ ಎಂಬುದೆಲ್ಲ ಆಮೇಲಿನದು. ಅಂಗಡಿಯವರೂ ಆನ್‌ಲೈನ್ ಜಾಹೀರಾತಿನವರೂ ಈ ಪ್ರಶ್ನೆಗೆ ನೇರ ಉತ್ತರ ಕೊಡದೆ ಸಾಮಾನು ಮಾರುತ್ತಾರೆ. ಅವರನ್ನು ನಂಬಿ ಸಾವಿರ, ಎರಡು ಸಾವಿರ ಕಳೆದುಕೊಂಡವರಲ್ಲಿ ಹೆಚ್ಚಿನವರು ಹಣ ಎಣಿಸಿ ಖರ್ಚು ಮಾಡುವ ಮನೆಯವರು. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ದಿನಗೂಲಿ 370 ರೂಪಾಯಿ ಇತ್ತು. ಒಂದೂವರೆ ಸಾವಿರದ ಜಾಯ್‌ಸ್ಟಿಕ್ ಎಂದರೆ ನಾಲ್ಕು ದಿನದ ಕೂಲಿ. ಹತ್ತು ಸಾವಿರದ್ದಾದರೆ ಹೆಚ್ಚುಕಡಿಮೆ ಒಂದು ತಿಂಗಳ ದುಡಿಮೆ. ಅದಕ್ಕೇ ಈ ವಿಷಯವನ್ನು ಬುಡದಿಂದ ನೋಡಬೇಕು.

ನಮ್ಮ ಕಡೆಯ ಮೂವತ್ತು, ನಲವತ್ತು ದಾಟಿದವರಿಗೆ ಜಾಯ್‌ಸ್ಟಿಕ್ ಹೊಸದಲ್ಲ. ತೊಂಬತ್ತರ ದಶಕದಲ್ಲಿ ಕೊಳ್ಳೇಗಾಲ, ಮೈಸೂರಿನ ಮನೆಗಳಿಗೆ ಬಂದ ಮೀಡಿಯಾ, ಲಿಟಲ್ ಮಾಸ್ಟರ್ ಎಂಬ ಟಿ.ವಿ. ಗೇಮುಗಳಲ್ಲಿ ಕ್ಯಾಸೆಟ್ ಹಾಕಿ ಮಾರಿಯೋ, ಕಾಂಟ್ರಾ ಆಡಿದ ಕೈಗಳು ಇನ್ನೂ ಇವೆ. ಅವು ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರದ ಪಡಿಯಚ್ಚುಗಳು. ಎಡಗೈ ಹೆಬ್ಬೆರಳಿನ ಕೆಳಗೆ ಬರುವ ಕೂಡುವ ಚಿಹ್ನೆಯ ಆಕಾರದ ಗುಂಡಿಯನ್ನು ಗುನ್‌ಪೈ ಯೊಕೊಯಿ ಎಂಬ ನಿಂಟೆಂಡೊ ಎಂಜಿನಿಯರ್ 1982ರ ಡಾಂಕಿ ಕಾಂಗ್ ಕೈಯಾಟಿಕೆಗಾಗಿ ರೂಪಿಸಿದ. 1996ರಲ್ಲಿ ನಿಂಟೆಂಡೊ 64ರ ಜೊತೆ ಎಷ್ಟು ಬಾಗಿಸಿದರೆ ಅಷ್ಟು ವೇಗ ಕೊಡುವ ಅನಲಾಗ್ ಸ್ಟಿಕ್ ಮನೆಮನೆಗೆ ಬಂತು. 1997ರಲ್ಲಿ ಸೋನಿಯ ಡ್ಯುಯಲ್‌ಶಾಕ್ ಎರಡು ಸ್ಟಿಕ್ಕು, ನಾಲ್ಕು ಭುಜದ ಗುಂಡಿ, ಕೈಯಲ್ಲಿ ನಡುಗುವ ಮೋಟಾರು ಎಲ್ಲವನ್ನೂ ಒಂದೆಡೆ ಸೇರಿಸಿತು. ಇಂದು ಮಾರುಕಟ್ಟೆಯಲ್ಲಿರುವ ಬಹುತೇಕ ಜಾಯ್‌ಸ್ಟಿಕ್ಕುಗಳು, ಅಂದರೆ ಗೇಮ್‌ಪ್ಯಾಡು ಅಥವಾ ಕಂಟ್ರೋಲರುಗಳು, ಇದೇ ಮೈಕಟ್ಟಿನವು.

ಫೋನು ಬಂದು ಗುಂಡಿಗಳನ್ನೆಲ್ಲ ಅಳಿಸಿಹಾಕಿತು. ಗಾಜಿನ ಮೇಲೆ ಬೆರಳಿಟ್ಟಾಗ ಅಲ್ಲಿನ ವಿದ್ಯುತ್ ಕ್ಷೇತ್ರದಲ್ಲಾಗುವ ಸಣ್ಣ ಬದಲಾವಣೆಯನ್ನು ಅಳೆದು ಫೋನು ನಮ್ಮ ಬೆರಳಿನ ಜಾಗ ಗುರುತಿಸುತ್ತದೆ. ಸಂದೇಶ ಬರೆಯಲು, ಚಿತ್ರ ಸರಿಸಲು ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಆಟಕ್ಕೆ ಮಾತ್ರ ಮೂರು ತೊಡಕು. ಹೆಬ್ಬೆರಳುಗಳೇ ಪರದೆಯ ಮೂಲೆಗಳನ್ನು ಮುಚ್ಚುತ್ತವೆ. ಬೆರಳು ಗುಂಡಿಯ ಮೇಲಿದೆಯೋ ಪಕ್ಕಕ್ಕೆ ಜಾರಿದೆಯೋ ಎಂಬುದು ಮುಟ್ಟಿದಾಗ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಬೆವರಿದ ಬೆರಳನ್ನು ಪರದೆ ತಪ್ಪು ಓದುತ್ತದೆ. ಈ ಮೂರಕ್ಕೂ ಕಂಟ್ರೋಲರ್ ಒಳ್ಳೆಯ ಪರಿಹಾರ. ಆಂಡ್ರಾಯ್ಡ್ 2011ರಲ್ಲಿ, 3.1ನೇ ಆವೃತ್ತಿಯಿಂದಲೇ ಗೇಮ್‌ಪ್ಯಾಡುಗಳನ್ನು ಗುರುತಿಸುತ್ತ ಬಂದಿದೆ. ಆಪಲ್ 2013ರಲ್ಲಿ ಐಒಎಸ್ 7ರ ಜೊತೆ ತಾನು ಒಪ್ಪಿದ ಪ್ಯಾಡುಗಳಿಗಷ್ಟೇ ಬಾಗಿಲು ತೆರೆಯಿತು. 2019ರಲ್ಲಿ ಐಒಎಸ್ 13 ಬಂದಮೇಲೆ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಪ್ಯಾಡುಗಳನ್ನೂ ಒಳಗೆ ಬಿಟ್ಟುಕೊಂಡಿತು. ಅಂದರೆ ಇವತ್ತು ಯಾರ ಜೇಬಿನಲ್ಲಿರುವ ಫೋನೂ ಕಂಟ್ರೋಲರಿಗೆ ಸಿದ್ಧವಾಗಿಯೇ ಇದೆ.

ಸಿದ್ಧವಾಗಿಲ್ಲದಿರುವುದು ಆಟ. ಎಲ್ಲ ಗೊಂದಲದ ಮೂಲ ಇದು. ಫೋನು ಪ್ಯಾಡನ್ನು ಗುರುತಿಸಿದ ಮಾತ್ರಕ್ಕೆ ಆಟ ಅದರ ಮಾತು ಕೇಳಬೇಕೆಂದಿಲ್ಲ. ಆಟ ಮಾಡಿದವರು ಗುಂಡಿಗುಂಡಿಗೂ ಕೆಲಸ ಹಂಚಿ ಕೂರಿಸಿದ್ದರೆ ಮಾತ್ರ ಅದು ನಡೆಯುತ್ತದೆ. ನಮ್ಮ ಹುಡುಗರು ಅತಿ ಹೆಚ್ಚು ಆಡುವ ಎರಡು ಆಟಗಳು ಈ ಕೆಲಸ ಮಾಡಿಲ್ಲ.

ಪಬ್ಜಿ ಮೊಬೈಲ್ ಭಾರತದಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಯಿತು. ಅದರ ಜಾಗಕ್ಕೆ ಕ್ರಾಫ್ಟನ್ ಕಂಪನಿಯ ಬಿಜಿಎಂಐ 2021ರ ಜುಲೈನಲ್ಲಿ ಬಂತು, 2022ರ ಜುಲೈನಲ್ಲಿ ಅದನ್ನೂ ತಡೆಹಿಡಿದರು, 2023ರ ಮೇನಲ್ಲಿ ಮತ್ತೆ ಬಿಟ್ಟರು. ಹೆಸರು ಎಷ್ಟು ಸಲ ಬದಲಾದರೂ ಊರಲ್ಲಿ ಅದು ಪಬ್ಜಿಯೇ. ಫ್ರೀ ಫೈರ್ 2022ರ ಫೆಬ್ರವರಿಯಲ್ಲಿ ನಿಷೇಧವಾದಾಗ ಎಲ್ಲರೂ ಫ್ರೀ ಫೈರ್ ಮ್ಯಾಕ್ಸ್‌ಗೆ ಹಾರಿದರು. ಈ ಎರಡೂ ಆಟಗಳನ್ನು ಬೆರಳಿನಿಂದ ಆಡಲೆಂದೇ ಕಟ್ಟಿದ್ದಾರೆ. ಪ್ಯಾಡ್ ಹಿಡಿದವರಿಗೆ ಹೆಚ್ಚಿನ ಅನುಕೂಲ ಸಿಗಬಾರದು ಎಂಬ ಕಾರಣಕ್ಕೆ ಹೊರಗಿನ ಕಂಟ್ರೋಲರಿಗೆ ಅವುಗಳಲ್ಲಿ ಬಾಗಿಲಿಲ್ಲ. ಹತ್ತಾರು ಜನ ಒಂದೇ ದ್ವೀಪಕ್ಕೆ ಇಳಿದು ಕೊನೆಗೊಬ್ಬ ಉಳಿಯುವ ಆಟದಲ್ಲಿ ಈ ನಿಯಮ ನ್ಯಾಯವೇ ಎಂದು ನನ್ನ ಅಭಿಪ್ರಾಯ.

ಆದರೂ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಇದೇ ಆಟಗಳ ಚಿತ್ರ ಹಾಕಿ ಮಾರುವ ಪ್ಯಾಡುಗಳಿವೆ. ಅವು ಹೆಚ್ಚಾಗಿ ನಡೆಯುವುದು ಕೀ ಮ್ಯಾಪಿಂಗ್ ಆ್ಯಪ್‌ಗಳ ಮೂಲಕ. ಪ್ಯಾಡಿನ ಗುಂಡಿ ಒತ್ತಿದಾಗ ಆ ಆ್ಯಪ್ ಪರದೆಯ ಒಂದು ಜಾಗದಲ್ಲಿ ಬೆರಳು ಇಟ್ಟಂತೆ ಆಟವನ್ನು ನಂಬಿಸುತ್ತದೆ. ಇದರಿಂದ ಬರುವ ಕಷ್ಟ ಎರಡು. ಮೊದಲನೆಯದು, ಆಟದವರು ಇದನ್ನು ಮೋಸವೆಂದು ಹಿಡಿದರೆ ಐಡಿ ಬ್ಯಾನ್. ವರ್ಷಗಟ್ಟಲೆ ಆಡಿ ಗಳಿಸಿದ ಮಟ್ಟ, ಬಟ್ಟೆ, ಬಂದೂಕು ಎಲ್ಲ ಒಂದೇ ಏಟಿಗೆ ಹೋಗುತ್ತದೆ. ಹುಡುಗನಿಗೆ ಅದು ಎಂಥ ನೋವು ಎಂಬುದು ಆಡದವರಿಗೆ ತಿಳಿಯುವುದು ಕಷ್ಟ.

ಎರಡನೆಯದು ಮನೆಗೆಲ್ಲ ತಟ್ಟುವ ಸಂಗತಿ. ರೂಟ್ ಮಾಡದ, ಅಂದರೆ ಒಳಗಿನ ಬೀಗ ಮುರಿಯದ ಫೋನಿನಲ್ಲಿ ಇಂಥ ಆ್ಯಪ್‌ಗಳು ನಡೆಯಬೇಕಾದರೆ ಸಾಮಾನ್ಯವಾಗಿ ಡೆವಲಪರ್ ಆಪ್ಷನ್ ತೆರೆದು ಡಿಬಗ್ಗಿಂಗ್ ಆನ್ ಮಾಡಬೇಕು. ಅದನ್ನು ಆನ್ ಮಾಡಿದ ಫೋನಿನಲ್ಲಿ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯಲು ಒಪ್ಪುವುದಿಲ್ಲ. ಊರ ಕಡೆ ಒಂದೇ ಫೋನಿನಲ್ಲಿ ಮಗನ ಆಟವೂ ಅಪ್ಪನ ಫೋನ್‌ಪೇಯೂ ಅವ್ವನ ಸಂಘದ ಲೆಕ್ಕವೂ ಇರುತ್ತದೆ. ಸೊಸೈಟಿ ಮುಂದೆ ನಿಂತು ದುಡ್ಡು ಹಾಕಲಾಗದೆ ಪರದಾಡುವಾಗ ಕಾರಣ ಹುಡುಗನ ಜಾಯ್‌ಸ್ಟಿಕ್ಕೆಂದು ಯಾರಿಗೂ ಹೊಳೆಯುವುದಿಲ್ಲ. ಜೊತೆಗೆ, ಪರದೆಯ ಮೇಲೆ ತಾನೇ ಬೆರಳಾಡಿಸಬಲ್ಲ ಅನಾಮಧೇಯ ಆ್ಯಪ್‌ಗೆ ಹಣವಿರುವ ಫೋನಿನಲ್ಲಿ ಜಾಗ ಕೊಡುವುದು ತಕ್ಕದ್ದಲ್ಲ. ಫೋನಿನಲ್ಲಿ ಬ್ಯಾಂಕ್ ಖಾತೆ ಇದ್ದರೆ ಕೀ ಮ್ಯಾಪಿಂಗ್ ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಹಾಗಾದರೆ ಪಬ್ಜಿ ಆಡುವವನಿಗೆ ಏನೂ ಇಲ್ಲವೇ? ಇದೆ, ಅದಕ್ಕೆ ದುಡ್ಡೂ ಬೇಕಿಲ್ಲ. ಫೋನನ್ನೇ ಓರೆ ಮಾಡಿ ಗುರಿ ಹಿಡಿಯುವ ಗೈರೊ. ಬಿಜಿಎಂಐ ಸೆಟ್ಟಿಂಗಿನಲ್ಲಿ ಅದನ್ನು ಆನ್ ಮಾಡಿ ಕೆಲವು ವಾರ ಕೈ ಪಳಗಿಸಿಕೊಂಡರೆ, ಬಂದೂಕು ಮೇಲಕ್ಕೆ ಎಗರುವುದನ್ನು ಮಣಿಕಟ್ಟಿನ ಸಣ್ಣ ತಿರುವಿನಿಂದಲೇ ಹಿಡಿದಿಡಬಹುದು. ಚೆನ್ನಾಗಿ ಆಡುವವರಲ್ಲಿ ಬಹಳ ಮಂದಿ ಬಳಸುವುದು ಇದನ್ನೇ. ಇದಕ್ಕೆ ಫೋನಿನಲ್ಲಿ ಗೈರೊಸ್ಕೋಪ್ ಎಂಬ ಸೆನ್ಸರ್ ಇರಬೇಕು. ಕಡಿಮೆ ಬೆಲೆಯ ಕೆಲವು ಫೋನುಗಳಲ್ಲಿ ಅದನ್ನು ಕೈಬಿಟ್ಟು ಆಕ್ಸಿಲರೊಮೀಟರ್ ಮಾತ್ರ ಇಟ್ಟಿರುತ್ತಾರೆ. ಆದ್ದರಿಂದ ಆಟಕ್ಕೆಂದು ಹೊಸ ಫೋನು ಕೊಳ್ಳುವವರು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮುನ್ನ ಗೈರೊಸ್ಕೋಪ್ ಇದೆಯೇ ಎಂದು ಕೇಳಬೇಕು. ಇದ್ದರೆ ಜಾಯ್‌ಸ್ಟಿಕ್ಕಿನ ದುಡ್ಡು ಉಳಿಯಿತು.

ಫೋನಿನ ಮೇಲಂಚಿಗೆ ಸಿಕ್ಕಿಸುವ ಟ್ರಿಗರ್ ಕ್ಲಿಪ್ಪುಗಳೂ ಸಂತೆಯಲ್ಲಿ, ಮೊಬೈಲ್ ಅಂಗಡಿಯಲ್ಲಿ ನೂರು, ಇನ್ನೂರಕ್ಕೆ ಸಿಗುತ್ತವೆ. ಅವುಗಳಲ್ಲಿ ಯಾವ ಎಲೆಕ್ಟ್ರಾನಿಕ್ಸೂ ಇಲ್ಲ. ತೋರುಬೆರಳು ಒತ್ತಿದಾಗ ಅದರ ಕೆಳಗಿನ ತುದಿ ಪರದೆಯನ್ನು ಮುಟ್ಟುತ್ತದೆ, ಅಷ್ಟೆ. ಮ್ಯಾಪಿಂಗ್ ಆ್ಯಪ್‌ನ ಗೋಜು ಇಲ್ಲ. ದಪ್ಪ ಟೆಂಪರ್ಡ್ ಗಾಜು ಅಂಟಿಸಿದ್ದರೆ ಅಥವಾ ಪರದೆಯ ಅಂಚು ಬಾಗಿದ್ದರೆ ಸರಿಯಾಗಿ ಕೂರುವುದಿಲ್ಲ, ಸ್ಪ್ರಿಂಗು ಬೇಗ ಸಡಿಲಾಗುತ್ತದೆ. ಕೊಡುವ ಬೆಲೆಗೆ ಮೋಸವಿಲ್ಲ. ಬ್ಯಾಟರಿ ಹಾಕಿ ತಾನೇ ಪಟಪಟ ಒತ್ತುವ ಟ್ರಿಗರ್ ಮಾತ್ರ ಬೇಡ, ಅದು ಆಟದಲ್ಲಿ ಮೋಸವೇ.

ಈಗ ಕಂಟ್ರೋಲರ್ ನಿಜವಾಗಿ ಬೆಳಗುವ ಆಟಗಳ ಕಡೆ ಬರೋಣ. ಬಂದೂಕಿನ ಆಟವೇ ಬೇಕೆನ್ನುವವರಿಗೆ ಕಾಲ್ ಆಫ್ ಡ್ಯೂಟಿ ಮೊಬೈಲ್ ಇದೆ. 2019ರ ಅಕ್ಟೋಬರಿನಲ್ಲಿ ಬಂದ ಆ ಆಟ ಅದೇ ವರ್ಷದ ಕೊನೆಯ ಹೊತ್ತಿಗೆ ಕಂಟ್ರೋಲರನ್ನು ಒಪ್ಪಿಕೊಂಡಿತು. ಪ್ಯಾಡ್ ಹಿಡಿದವರನ್ನು ಪ್ಯಾಡ್ ಹಿಡಿದವರ ಜೊತೆಗೇ ಕೂಡಿಸುವ ಏರ್ಪಾಡನ್ನೂ ಮಾಡಿತು. ಬಿಜಿಎಂಐ ಇದೇ ದಾರಿ ಹಿಡಿದರೆ ಅರ್ಧ ಜಗಳ ಮುಗಿಯುತ್ತದೆ. ಅಸ್ಫಾಲ್ಟ್ ಸರಣಿಯ ಕಾರು ಓಟ, ಮೈನ್‌ಕ್ರಾಫ್ಟ್, ಜಿಟಿಎ ಸ್ಯಾನ್ ಆಂಡ್ರಿಯಾಸ್, ಟೆರೇರಿಯಾ, ಸ್ಟಾರ್‌ಡ್ಯೂ ವ್ಯಾಲಿ, ಡೆಡ್ ಸೆಲ್ಸ್, ಇವೆಲ್ಲ ಪ್ಯಾಡ್ ಸಿಕ್ಕಿಸಿದ ಕೂಡಲೇ ಬೇರೆಯೇ ಆಟವಾಗುತ್ತವೆ. ಕಾರು ಓಟದಲ್ಲಿ ಸ್ಟಿಕ್ಕನ್ನು ಸ್ವಲ್ಪ ಬಾಗಿಸಿದರೆ ಸ್ವಲ್ಪವೇ ತಿರುವು, ಪೂರ್ತಿ ಬಾಗಿಸಿದರೆ ಪೂರ್ತಿ ತಿರುವು. ಗಾಜಿನ ಮೇಲೆ ಈ ಹದ ಸಿಗುವುದಿಲ್ಲ. ಪಿಎಸ್‌ಪಿ ಎಂಬ ಕೈಯಾಟಿಕೆಯ ಹಳೆಯ ಆಟಗಳನ್ನು ಫೋನಿನಲ್ಲಿ ನಡೆಸುವ ಪಿಪಿಎಸ್‌ಎಸ್‌ಪಿಪಿ ಎಂಬ ಆ್ಯಪ್ 2012ರಿಂದ ಇದೆ, ಅದಕ್ಕಂತೂ ಪ್ಯಾಡ್ ಹೇಳಿ ಮಾಡಿಸಿದ್ದು. ಆದರೆ ಆ್ಯಪ್ ಉಚಿತವೆಂದು ಆಟಗಳೂ ಉಚಿತವಲ್ಲ. ಎಲ್ಲೆಲ್ಲಿಂದಲೋ ಇಳಿಸಿಕೊಳ್ಳುವ ಆಟದ ಕಡತಗಳು ಕೃತಿಸ್ವಾಮ್ಯ ಮುರಿದವು, ಜೊತೆಗೆ ವೈರಸ್ಸಿನ ದಾರಿ.

ಈ ಪಟ್ಟಿಯಲ್ಲಿ ಒಂದು ವಿಶೇಷ ಇದೆ. ಕಾಲ್ ಆಫ್ ಡ್ಯೂಟಿ, ಅಸ್ಫಾಲ್ಟ್ ಸರಣಿಯ ಹೊಸ ಆಟಗಳನ್ನು ಬಿಟ್ಟರೆ ಉಳಿದವುಗಳಲ್ಲಿ ಹೆಚ್ಚಿನವು ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಮಾರ್ಟಳ್ಳಿ ಪೇಟೆಯಲ್ಲಿ ಟವರ್ ಸಿಗಬಹುದು. ಹೊಲದ ಕಡೆ, ಕಾಡಿನ ಕಡೆ ಎರಡು ಹೆಜ್ಜೆ ಹೋದರೆ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಇಳಿಯುತ್ತವೆ. ಬೆಟ್ಟದ ಮೇಲಿನ ಇಂಡಿಗನತ್ತ, ಮೆಂದಾರೆಯಂಥ ಊರುಗಳವರು ರಸ್ತೆ, ಕರೆಂಟಿಗೇ ವರ್ಷಗಟ್ಟಲೆ ಕೂಗಬೇಕಾಯಿತು. ಪಿಂಗ್, ಅಂದರೆ ಆಟದ ಸುದ್ದಿ ಹೋಗಿ ಬರುವ ಸಮಯ, ಏರಿ ಆಟ ಹಿಡಿದುಕೊಂಡು ನಿಂತಾಗ ಎಂಥ ಪ್ಯಾಡ್ ಹಿಡಿದಿದ್ದರೂ ಸೋಲೇ. ನೆಟ್‌ವರ್ಕ್ ತೊಡಕನ್ನು ಕಂಟ್ರೋಲರ್ ಸರಿಮಾಡುತ್ತದೆ ಎಂದು ನಂಬಿ ಕೊಳ್ಳುವವರಿದ್ದಾರೆ. ಅದು ಆಗದ ಮಾತು. ಇದಕ್ಕೆ ತದ್ವಿರುದ್ಧವಾಗಿ, ಒಮ್ಮೆ ಇಳಿಸಿಕೊಂಡು ಆಫ್‌ಲೈನ್ ಆಡುವ ಆಟಕ್ಕೆ ಪ್ಯಾಡ್ ಕೊಂಡರೆ ನಮ್ಮಂಥ ಊರಿನಲ್ಲೇ ಅದು ಹೆಚ್ಚು ಬಾಳುತ್ತದೆ. ದೊಡ್ಡ ಯಂತ್ರದ ಆಟವನ್ನು ಇಂಟರ್ನೆಟ್ ಮೂಲಕ ಫೋನಿಗೆ ತರಿಸುವ ಕ್ಲೌಡ್ ಗೇಮಿಂಗ್ ಸದ್ಯ ನಗರದ ಫೈಬರ್ ಸಂಪರ್ಕ ಇದ್ದವರ ಮಾತು. ಅದಕ್ಕೆಂದು ಪ್ಯಾಡ್ ಕೊಳ್ಳಬೇಡಿ.

ಆಟ ಗೊತ್ತಾಯಿತು ಎಂದಿಟ್ಟುಕೊಂಡರೆ ಮುಂದಿನದು ಆಕಾರ. ಟಿ.ವಿ. ಗೇಮಿನದರಂತೆ ಬಿಡಿಯಾಗಿರುವ ಪ್ಯಾಡು ಒಂದು ಬಗೆ, ಅದರ ತಲೆಯ ಮೇಲೆ ಕ್ಲಿಪ್ ಹಾಕಿ ಫೋನು ನಿಲ್ಲಿಸುತ್ತಾರೆ. ಫೋನನ್ನು ಎಡಬಲದಿಂದ ಕಚ್ಚಿ ಹಿಡಿಯುವ, ಎಳೆದು ಹಿಗ್ಗಿಸಬಹುದಾದ ಪ್ಯಾಡು ಇನ್ನೊಂದು. ರೇಜರ್ ಕಿಶಿ, ಬ್ಯಾಕ್‌ಬೋನ್ ಎರಡೂ 2020ರಲ್ಲಿ ಈ ಎರಡನೆಯ ಬಗೆಯನ್ನು ಹೆಸರುವಾಸಿ ಮಾಡಿದವು. ಗೇಮ್‌ಸರ್ ಎಂಬ ಚೀನೀ ಕಂಪನಿ ಅದನ್ನು ಕಡಿಮೆ ಬೆಲೆಗೆ ಇಳಿಸಿತು. ನಮ್ಮ ದೇಶದ ಆಮ್‌ಕೆಟ್ ಕಂಪನಿಯ ಇವೊಫಾಕ್ಸ್ ಮತ್ತು ಬೇರೆ ಕಂಪನಿಗಳ ಕಾಸ್ಮಿಕ್ ಬೈಟ್, ರೆಡ್‌ಗಿಯರ್ ಹೆಸರಿನ ಪ್ಯಾಡುಗಳು ಇನ್ನೂ ಕೆಳಗಿನ ಬೆಲೆಯಲ್ಲಿವೆ.

ಕ್ಲಿಪ್ ಹಾಕುವ ಬಗೆಯಲ್ಲಿ ಫೋನಿನ ತೂಕವೆಲ್ಲ ಮೇಲಿರುತ್ತದೆ. ಇನ್ನೂರು ಗ್ರಾಂ ಫೋನು ಅರ್ಧ ಗಂಟೆಯಲ್ಲಿ ಮಣಿಕಟ್ಟು ಜಗ್ಗುತ್ತದೆ. ಆದರೆ ಆ ಪ್ಯಾಡನ್ನು ನಾಳೆ ಟಿ.ವಿ.ಗೂ ಕಂಪ್ಯೂಟರಿಗೂ ಹಾಕಬಹುದು, ಫೋನು ಬದಲಾದರೂ ಅದು ಉಳಿಯುತ್ತದೆ. ಕಚ್ಚಿ ಹಿಡಿಯುವ ಬಗೆಯಲ್ಲಿ ತೂಕ ಎರಡು ಕೈಗೂ ಸಮನಾಗಿ ಹಂಚುತ್ತದೆ, ಆಟ ಆಡಲು ಅದೇ ಸುಖ. ಅದರ ತೊಡಕೆಂದರೆ ಅಳತೆ. ಬ್ಯಾಕ್ ಕವರ್ ತೆಗೆಯಬೇಕಾಗಬಹುದು. ಕ್ಯಾಮೆರಾ ಉಬ್ಬು ಅಡ್ಡ ಬರಬಹುದು. ಫೋನಿನ ಉದ್ದವನ್ನು ಸ್ಕೇಲಿನಿಂದ ಮಿಲಿಮೀಟರಿನಲ್ಲಿ ಅಳೆದು, ಪ್ಯಾಡು ಎಷ್ಟರವರೆಗೆ ಹಿಗ್ಗುತ್ತದೆ ಎಂದು ವಿವರದಲ್ಲಿ ಓದಿ ಆಮೇಲೆ ದುಡ್ಡು ಕೊಡಿ. ಈಗಿನ ಫೋನುಗಳು ಬಹುಮಟ್ಟಿಗೆ 160ರಿಂದ 170 ಮಿ.ಮೀ. ಉದ್ದ ಇರುತ್ತವೆ, ಹಳೆಯ ಮಾದರಿಯ ಪ್ಯಾಡುಗಳಲ್ಲಿ ಕೆಲವು ಅಷ್ಟು ಹಿಗ್ಗುವುದಿಲ್ಲ.

ಬ್ಲೂಟೂತ್ ಬೇಕೋ, ನೇರ ಟೈಪ್-ಸಿ ಸಿಕ್ಕಿಸುವುದು ಬೇಕೋ? ನಮ್ಮ ಊರಿಗೆ ಟೈಪ್-ಸಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸಿದರೆ ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡು. ಗುಂಡಿ ಒತ್ತಿದ ಸುದ್ದಿ ಫೋನಿಗೆ ಮುಟ್ಟಲು ಅದಕ್ಕಿಂತ ತಡವಾದರೆ ಒಂದು ಚಿತ್ರ ಹಿಂದೆ ಬಿದ್ದಂತೆ. ಬ್ಲೂಟೂತ್ ಮತ್ತು ಹಳೆಯ ಬಗೆಯ ವೈಫೈ ಎರಡೂ 2.4 ಗಿಗಾಹರ್ಟ್ಸ್ ಎಂಬ ಒಂದೇ ಅಲೆಪಟ್ಟಿಯಲ್ಲಿ ನಡೆಯುವಂಥವು. ಕಿವಿಗೂ ಬ್ಲೂಟೂತ್, ಕೈಗೂ ಬ್ಲೂಟೂತ್, ಪಕ್ಕದಲ್ಲಿ ವೈಫೈ ಎಂದಾಗ ಸುದ್ದಿ ತಡವರಿಸುತ್ತದೆ. ತಂತಿಯಂತೆ ನೇರ ಕೂರುವ ಪ್ಯಾಡಿನಲ್ಲಿ ಈ ತಾಪತ್ರಯವಿಲ್ಲ. ಇನ್ನೂ ದೊಡ್ಡ ಲಾಭವೆಂದರೆ ಅದಕ್ಕೆ ಬ್ಯಾಟರಿಯೇ ಬೇಡ, ಫೋನಿನಿಂದಲೇ ಸಣ್ಣ ಪ್ರಮಾಣದ ವಿದ್ಯುತ್ ತೆಗೆದುಕೊಳ್ಳುತ್ತದೆ. ಕರೆಂಟು ಹೋಗಿ ಬಂದು ಮಾಡುವ ಕಡೆ ಚಾರ್ಜ್ ಮಾಡಬೇಕಾದ ಸಾಮಾನು ಒಂದು ಕಡಿಮೆಯಾದರೆ ಅಷ್ಟೇ ಸಲೀಸು. ಆದರೆ ಫೋನಿನ ಚಾರ್ಜಿಂಗ್ ತೂತು ಪ್ಯಾಡಿಗೆ ಹೋಗುವುದರಿಂದ, ಪ್ಯಾಡಿನಲ್ಲಿ ಚಾರ್ಜರ್ ಸಿಕ್ಕಿಸಲು ಬೇರೆ ತೂತು ಇದೆಯೇ ನೋಡಿಕೊಳ್ಳಬೇಕು. ಆಡುತ್ತಲೇ ಚಾರ್ಜ್ ಹಾಕಿದರೆ ಫೋನು ಕಾಯುತ್ತದೆ ಎಂಬುದೂ ನೆನಪಿರಲಿ.

ಟೈಪ್-ಸಿ ಪ್ಯಾಡು ತಂದವರಲ್ಲಿ ಅನೇಕರು ಮೊದಲ ದಿನವೇ "ಕೆಟ್ಟೋಗದೆ, ಡೆಡ್ ಪೀಸು" ಎಂದು ವಾಪಸ್ ಕಳಿಸುತ್ತಾರೆ. ಬಹಳ ಸಲ ಪ್ಯಾಡು ಕೆಟ್ಟಿರುವುದಿಲ್ಲ. ವಿವೊ, ಒಪ್ಪೊ, ರಿಯಲ್‌ಮಿ, ಒನ್‌ಪ್ಲಸ್ ಫೋನುಗಳಲ್ಲಿ ಒಟಿಜಿ ಎಂಬ ಸ್ವಿಚ್ಚು ಸೆಟ್ಟಿಂಗಿನ ಒಳಗೆ ಆಫ್ ಆಗಿರುವುದುಂಟು. ಅದನ್ನು ಹುಡುಕಿ ಆನ್ ಮಾಡಬೇಕು, ಹತ್ತು ನಿಮಿಷ ಬಳಸದಿದ್ದರೆ ಅದು ತಾನೇ ಆಫ್ ಆಗುವುದೂ ಇದೆ. ಈ ಒಂದು ಮಾತನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲೋ ತಮಿಳಿನಲ್ಲೋ ಅಚ್ಚು ಹಾಕಿಸಿದ್ದರೆ ಎಷ್ಟೋ ಪಾರ್ಸೆಲ್ಲುಗಳ ಓಡಾಟ ತಪ್ಪುತ್ತಿತ್ತು.

ಬ್ಲೂಟೂತ್ ಪ್ಯಾಡೇ ಬೇಕು, ಟಿ.ವಿ.ಗೂ ಆಗಬೇಕು ಎನ್ನುವವರು ಎಕ್ಸ್‌ಬಾಕ್ಸ್ ಪ್ಯಾಡನ್ನು ಯೋಚಿಸಬಹುದು. ಬೆಲೆ ಐದು ಸಾವಿರದ ಆಚೆ. ಆದರೆ ಅದು ನಡೆಯುವುದು ಎರಡು ಸಾಮಾನ್ಯ ಎಎ ಸೆಲ್ಲಿನ ಮೇಲೆ. ಸೆಲ್ಲು ಮಾರ್ಟಳ್ಳಿಯ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತದೆ. ಒಳಗೇ ಬ್ಯಾಟರಿ ಕೂರಿಸಿದ ಪ್ಯಾಡಿನ ಬ್ಯಾಟರಿ ಸತ್ತರೆ ಬಿಚ್ಚಿ ಬದಲಿಸುವವರು ಕೊಳ್ಳೇಗಾಲದಲ್ಲಿ ಸಿಗುವುದೂ ಅನುಮಾನ. ಹಳೆಯ ಎಕ್ಸ್‌ಬಾಕ್ಸ್ ಪ್ಯಾಡು ಯಾರಾದರೂ ಕಡಿಮೆಗೆ ಕೊಡುತ್ತೇವೆಂದರೆ ಹುಷಾರು. 2016ರಲ್ಲಿ ಬಂದ ಎಕ್ಸ್‌ಬಾಕ್ಸ್ ಒನ್ ಎಸ್‌ನ ಜೊತೆಯ ಪ್ಯಾಡಿನಿಂದ ಈಚೆಗಷ್ಟೇ ಬ್ಲೂಟೂತ್ ಇದೆ, ಅದಕ್ಕಿಂತ ಹಿಂದಿನದು ತಂತಿಯಿಲ್ಲದೆ ಫೋನಿಗೆ ಹತ್ತುವುದಿಲ್ಲ. ಪ್ಲೇಸ್ಟೇಷನ್ 4ರ ಡ್ಯುಯಲ್‌ಶಾಕ್ ಕೂಡ ಫೋನಿಗೆ ಚೆನ್ನಾಗಿ ಹೊಂದುತ್ತದೆ, ಆದರೆ ಅದರ ನಕಲಿ ಮಾಲು ಮಾರುಕಟ್ಟೆಯಲ್ಲಿ ತುಂಬಿದೆ. ಸೋನಿ ಗುರುತಿದ್ದು ಬೆಲೆ ಒಂದು ಸಾವಿರದ ಆಸುಪಾಸು ಇದ್ದರೆ ಅದು ಅಸಲಿಯಲ್ಲ.

ಇನ್ನು ಪ್ಯಾಡಿನ ಆಯಸ್ಸನ್ನು ತೀರ್ಮಾನಿಸುವ ಭಾಗಕ್ಕೆ ಬರೋಣ. ಸ್ಟಿಕ್ಕಿನ ಬುಡದಲ್ಲಿ ಏನಿದೆ? ಹೆಚ್ಚಿನ ಪ್ಯಾಡುಗಳಲ್ಲಿ ಇರುವುದು ಪೊಟೆನ್ಶಿಯೊಮೀಟರ್. ಹಳೆಯ ರೇಡಿಯೊದ ವಾಲ್ಯೂಮ್ ತಿರುಪಿನಂತೆಯೇ ಅದು. ಕಾರ್ಬನ್ ಪಟ್ಟಿಯ ಮೇಲೆ ಸಣ್ಣ ಲೋಹದ ನಾಲಗೆ ಉಜ್ಜುತ್ತ ಹೋಗುತ್ತದೆ. ರೇಡಿಯೊ ಹಳೆಯದಾದಾಗ ವಾಲ್ಯೂಮ್ ತಿರುಗಿಸಿದರೆ ಗರಗರ ಅನ್ನುತ್ತದಲ್ಲ, ಪ್ಯಾಡಿನಲ್ಲಿ ಅದೇ ಸವಕಳಿ ಬೇರೆ ರೂಪದಲ್ಲಿ ಬರುತ್ತದೆ. ಕೈ ಬಿಟ್ಟರೂ ಆಟಗಾರ ತಾನೇ ನಡೆಯುತ್ತಾನೆ, ಕಾರು ತಾನೇ ಎಡಕ್ಕೆ ಎಳೆಯುತ್ತದೆ. ಡ್ರಿಫ್ಟ್ ಎನ್ನುವುದು ಇದಕ್ಕೇ. 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್‌ನ ಜಾಯ್‌ಕಾನ್‌ಗಳಲ್ಲಿ ಈ ದೂರು ಎಷ್ಟು ಹಬ್ಬಿತೆಂದರೆ 2019ರಲ್ಲಿ ಅಮೆರಿಕದಲ್ಲಿ ಗ್ರಾಹಕರು ಒಟ್ಟಾಗಿ ನ್ಯಾಯಾಲಯಕ್ಕೆ ಹೋದರು. ದೊಡ್ಡ ಕಂಪನಿಯ ಮಾಲೇ ಹೀಗಾದಾಗ ಎಂಟುನೂರು ರೂಪಾಯಿಯ ಪ್ಯಾಡಿನಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ. ಬೇಸಿಗೆಯಲ್ಲಿ ಬಸ್ಸೊಂದು ಹೋದರೂ ಜಗುಲಿಯ ಮೇಲೆಲ್ಲ ಧೂಳು ಕೂರುವ ಊರಿನಲ್ಲಿ ಈ ಸವಕಳಿ ಇನ್ನೂ ಬೇಗ.

ಇದಕ್ಕೆ ಮದ್ದು ಹಾಲ್ ಎಫೆಕ್ಟ್ ಸ್ಟಿಕ್. ಸ್ಟಿಕ್ಕಿನ ಬುಡದಲ್ಲಿ ಒಂದು ಆಯಸ್ಕಾಂತ ಇರುತ್ತದೆ. ಅದು ಎತ್ತ ವಾಲಿತು ಎಂಬುದನ್ನು ಸೆನ್ಸರು ಮುಟ್ಟದೆಯೇ ಅಳೆಯುತ್ತದೆ. ಉಜ್ಜಾಟವಿಲ್ಲದ್ದರಿಂದ ಆ ಬಗೆಯ ಸವಕಳಿಯೂ ಇಲ್ಲ. ಇದೇನೂ ಇವತ್ತಿನ ಕಂಡುಹಿಡಿತವಲ್ಲ, ಸೇಗಾ ಕಂಪನಿ 1998ರ ಡ್ರೀಮ್‌ಕಾಸ್ಟ್ ಪ್ಯಾಡಿನಲ್ಲೇ ಇದನ್ನು ಇಟ್ಟಿತ್ತು. ಆಮೇಲೆ ಹೆಚ್ಚಿನ ಕಂಪನಿಗಳು ಅದನ್ನು ಹಿಡಿಯಲಿಲ್ಲ, ಡ್ರಿಫ್ಟ್ ದೂರು ಹೆಚ್ಚಾದಮೇಲೆ ಹಲವು ಅದರ ಕಡೆ ತಿರುಗಿದವು. ಈಗ ಮಧ್ಯಮ ಬೆಲೆಯ ಪ್ಯಾಡುಗಳಲ್ಲೂ ಸಿಗುತ್ತದೆ. ಪೆಟ್ಟಿಗೆಯ ಮೇಲೆ ಹಾಲ್ ಎಫೆಕ್ಟ್ ಎಂದು ಬರೆದಿದ್ದರೆ ಅದು ಸ್ಟಿಕ್ಕಿಗೋ ಟ್ರಿಗರಿಗೋ ಎಂದು ಓದಿ ನೋಡಿ. ಬರೀ ಟ್ರಿಗರಿಗೆ ಹಾಕಿ ಅದೇ ಹೆಸರಿನಲ್ಲಿ ಮಾರುವುದುಂಟು. ಐನೂರು ರೂಪಾಯಿ ಹೆಚ್ಚಾದರೂ ಈ ಒಂದಕ್ಕೆ ಕೊಡಬಹುದು. ಮೈಮೇಲಿನ ಬಣ್ಣದ ಲೈಟಿಗೆ, ಹಿಂಬದಿಯ ಹೆಚ್ಚುವರಿ ಗುಂಡಿಗೆ, ಫ್ಯಾನಿಗೆ ಕೊಡಬೇಡಿ.

ಐಫೋನು ಇಟ್ಟುಕೊಂಡವರಿಗೆ ಎರಡೇ ಮಾತು. 2023ರ ಐಫೋನ್ 15ರಿಂದ ಟೈಪ್-ಸಿ ಬಂದಿದೆ, ಅದಕ್ಕೂ ಹಿಂದಿನವಕ್ಕೆ ನೇರ ಸಿಕ್ಕಿಸಲು ಲೈಟ್ನಿಂಗ್ ಪ್ಯಾಡೇ ಆಗಬೇಕು. ಅಗ್ಗದ ಆಂಡ್ರಾಯ್ಡ್ ಪ್ಯಾಡುಗಳಲ್ಲಿ ಬಹಳಷ್ಟು ಐಫೋನಿಗೆ ಹತ್ತುವುದಿಲ್ಲ, ಆದ್ದರಿಂದ ಐಫೋನಿನ ಹೆಸರು ಪೆಟ್ಟಿಗೆಯ ಮೇಲೆ ಸ್ಪಷ್ಟವಾಗಿ ಇರಲಿ.

ಕಂಟ್ರೋಲರ್ ಎಂದರೆ ಹುಡುಗರ ಶೋಕಿ ಎಂದು ತಳ್ಳಿಹಾಕುವವರಿಗೆ ಒಂದು ಸಂಗತಿ ಹೇಳಬೇಕು. ಕೈ ನಡುಗುವವರಿಗೆ, ಬೆರಳು ಸರಿಯಾಗಿ ಚಾಚದವರಿಗೆ ಗಾಜಿನ ಪರದೆ ದೊಡ್ಡ ಗೋಡೆ. ಅಂಥವರಿಗೆಂದೇ ಮೈಕ್ರೊಸಾಫ್ಟ್ 2018ರಲ್ಲಿ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರನ್ನೂ, ಸೋನಿ 2023ರ ಡಿಸೆಂಬರಿನಲ್ಲಿ ಆಕ್ಸೆಸ್ ಎಂಬ ಪ್ಯಾಡನ್ನೂ ತಂದವು. ದೊಡ್ಡ ಗುಂಡಿಗಳು, ಕಾಲಿನಿಂದಲೋ ಮೊಣಕೈಯಿಂದಲೋ ಒತ್ತಬಹುದಾದ ಜೋಡಣೆಗಳು ಅವುಗಳಲ್ಲಿವೆ. ಅವುಗಳ ಬೆಲೆ ನಮ್ಮ ಊರಿಗೆ ಎಟುಕುವುದಿಲ್ಲ ನಿಜ. ಆದರೆ ಆಂಡ್ರಾಯ್ಡ್ ಫೋನಿಗೆ ಸಾಮಾನ್ಯ ಯುಎಸ್‌ಬಿ ಪ್ಯಾಡು ಸಿಕ್ಕಿಸಿದರೂ ಅದರ ದಿಕ್ಕಿನ ಗುಂಡಿಗಳಿಂದ ಆ್ಯಪ್‌ನಿಂದ ಆ್ಯಪ್‌ಗೆ ಸರಿಯಬಹುದು, ಒಂದು ಗುಂಡಿಯಿಂದ ತೆರೆಯಬಹುದು. ಗೂಗಲ್‌ನ ಸ್ವಿಚ್ ಆಕ್ಸೆಸ್ ಎಂಬ ಸವಲತ್ತಿನಲ್ಲಿ ಹೊರಗಿನ ಗುಂಡಿಗಳನ್ನೇ ಬೆರಳಾಗಿಸಿಕೊಂಡು ಇಡೀ ಫೋನು ನಡೆಸಬಹುದು. ಮನೆಯಲ್ಲಿ ಅಂಥ ಮಗು ಇದ್ದರೆ ಸಾವಿರ ರೂಪಾಯಿಯ ಪ್ಯಾಡು ಆಟದ ಸಾಮಾನಿಗಿಂತ ದೊಡ್ಡದು. ಹನೂರು, ಕೊಳ್ಳೇಗಾಲದ ಶಾಲೆಗಳಲ್ಲಿ ಅಂಗವಿಕಲ ಮಕ್ಕಳ ಜೊತೆ ಕೆಲಸ ಮಾಡುವ ಶಿಕ್ಷಕರು ಇದನ್ನೊಮ್ಮೆ ಪ್ರಯತ್ನಿಸಬೇಕು.

ಆಟ ಮಾಡುವವರಿಗೂ ಒಂದು ಮಾತಿದೆ. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿ ತಂದ ರಾಜ್ಯ ನಮ್ಮದು, 2024ರಿಂದ 29ರವರೆಗಿನ ಹೊಸ ನೀತಿಯೂ ಜಾರಿಯಲ್ಲಿದೆ. ಬೆಂಗಳೂರಿನಲ್ಲಿ ಆಟ ಕಟ್ಟುವ ಕಂಪನಿಗಳು ಕಡಿಮೆಯಿಲ್ಲ. ಅವರು ತಮ್ಮ ಆಟಗಳಲ್ಲಿ ಪ್ಯಾಡಿಗೆ ಜಾಗ ಕೊಟ್ಟು, ಆಫ್‌ಲೈನ್ ನಡೆಯುವಂತೆ ಮಾಡಿ, ಸೆಟ್ಟಿಂಗಿನಲ್ಲಿ ಕನ್ನಡ ಇಟ್ಟರೆ ಮಾರ್ಟಳ್ಳಿಯಂಥ ಸಾವಿರ ಊರುಗಳಲ್ಲಿ ಆಡುವವರಿದ್ದಾರೆ. ಸರ್ಕಾರದ ನೆರವು ಪಡೆಯುವ ಆಟಗಳಿಗಾದರೂ ಇದನ್ನು ಷರತ್ತಾಗಿ ಇಡಬೇಕು.

ಕೊನೆಗೆ ಊರಿಗೆ ಬರುವ ಅಣ್ಣಂದಿರಿಗೆ. ತಮ್ಮ ಪಬ್ಜಿ, ಫ್ರೀ ಫೈರ್ ಮಾತ್ರ ಆಡುವವನಾದರೆ ಪ್ಯಾಡು ತರಬೇಡಿ, ಆ ದುಡ್ಡನ್ನು ಗೈರೊಸ್ಕೋಪ್ ಇರುವ ಫೋನಿಗೆ ಕೂಡಿಡಿ. ಕಾರು, ಮೈನ್‌ಕ್ರಾಫ್ಟ್, ಹಳೆಯ ಆಟ ಆಡುವವನಾದರೆ ಹಾಲ್ ಎಫೆಕ್ಟ್ ಸ್ಟಿಕ್ಕಿರುವ, ಬೇರೆ ಚಾರ್ಜಿಂಗ್ ತೂತಿರುವ ಟೈಪ್-ಸಿ ಪ್ಯಾಡು ತನ್ನಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನ್ಯಾಷನಲ್ ಮಾರ್ಕೆಟ್ಟಿನಲ್ಲೋ ಕೊಳ್ಳುವುದಾದರೆ ನಿಮ್ಮ ಫೋನಿಗೆ ಅಲ್ಲೇ ಸಿಕ್ಕಿಸಿ, ಎರಡೂ ಸ್ಟಿಕ್ಕನ್ನು ಸುತ್ತ ತಿರುಗಿಸಿ ಕೈ ಬಿಟ್ಟು, ನಡುವಿಗೆ ಬಂದು ನಿಲ್ಲುತ್ತದೆಯೇ ನೋಡಿ. ಆನ್‌ಲೈನ್ ತರಿಸುವುದಾದರೆ ಹಬ್ಬಕ್ಕೆ ಹತ್ತು ದಿನ ಮೊದಲೇ ಬೆಂಗಳೂರಿನ ರೂಮಿಗೆ ತರಿಸಿ ಪರೀಕ್ಷಿಸಿ. ಊರಿಗೆ ಹೋದಮೇಲೆ ವಾಪಸಾತಿಯ ಗಡುವು ಮುಗಿದಿರುತ್ತದೆ. ಬಿಲ್ಲು ಇಲ್ಲದೆ ಮಾತ್ರ ತರಬೇಡಿ, ವಾರಂಟಿ ಕೇಳಲು ಅದೊಂದೇ ಆಧಾರ.